ಕಾಲಗರ್ಭ ಸೇರಿದ ಅಮೆರಿಕದ ಹೋಟೆಲು ಸರಣಿಗಳು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲೇಕ್ ಜಾರ್ಜ್ ಎಂಬ ಪುಟ್ಟ ಪ್ರವಾಸಿ ಊರಿದೆ. 2022ರಲ್ಲಿ ಅಲ್ಲಿನ ಹೋಟೆಲೊಂದು ಬಾಗಿಲು ಮುಚ್ಚಿದಾಗ ಅದು ಕೇವಲ ಸ್ಥಳೀಯ ಸುದ್ದಿಯಾಗಿ ಉಳಿಯಲಿಲ್ಲ. 1970ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಸಾವಿರಕ್ಕೂ ಹೆಚ್ಚು ಶಾಖೆಗಳನ್ನು ಹೊಂದಿದ್ದ ಹೋವರ್ಡ್ ಜಾನ್ಸನ್ಸ್ ಸರಣಿಯ ಕಟ್ಟಕಡೆಯ ಭೋಜನಶಾಲೆ ಅದಾಗಿತ್ತು. ಅಮೆರಿಕದ ಒಂದು ಇಡೀ ಪೀಳಿಗೆ ರಜೆಯ ಪ್ರಯಾಣದಲ್ಲಿ ಊಟಕ್ಕೆ ನಿಲ್ಲುತ್ತಿದ್ದ ಹೆಸರೊಂದು ಅಂದಿಗೆ ರಸ್ತೆಬದಿಯ ಫಲಕಗಳಿಂದ ಅಳಿದುಹೋಯಿತು.

ಕನ್ನಡದಲ್ಲಿ ಹೋಟೆಲು ಎಂದರೆ ಮೊದಲು ನೆನಪಾಗುವುದು ಊಟ, ತಿಂಡಿ, ಕಾಫಿ. ಅಮೆರಿಕದಲ್ಲಿ ಆ ಪದಕ್ಕೆ ವಸತಿಗೃಹವೆಂದೇ ಅರ್ಥ. ಈ ಲೇಖನದಲ್ಲಿ ಹೋಟೆಲು ಎಂಬ ಪದವನ್ನು ನಮ್ಮ ರೂಢಿಯ ಅರ್ಥದಲ್ಲಿಯೇ ಬಳಸಲಾಗಿದೆ. ಒಂದೇ ಹೆಸರು, ಒಂದೇ ಬಗೆಯ ಕಟ್ಟಡ, ಒಂದೇ ರುಚಿಯೊಂದಿಗೆ ಹಲವು ಊರುಗಳಲ್ಲಿ ನಡೆಯುವ ಹೋಟೆಲುಗಳ ಸಮೂಹವೇ ಹೋಟೆಲು ಸರಣಿ. ಅವುಗಳಲ್ಲಿ ಕೆಲವನ್ನು ಮೂಲ ಸಂಸ್ಥೆಯೇ ನಡೆಸಿದರೆ, ಉಳಿದವನ್ನು ಹೆಸರು ಬಳಸುವ ಹಕ್ಕನ್ನು ಹಣ ತೆತ್ತು ಪಡೆದ ಸ್ಥಳೀಯ ಮಾಲೀಕರು ನಡೆಸುತ್ತಾರೆ. ಎರಡನೆಯದಕ್ಕೆ ಫ್ರಾಂಚೈಸಿ ಪದ್ಧತಿ ಎಂದು ಹೆಸರು.

ಈ ಸರಣಿಗಳು ಏಕೆ ಮುಚ್ಚಿದವು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಜನರ ರುಚಿ ಬದಲಾಯಿತು ಎಂಬುದು. ಅದು ಸುಳ್ಳಲ್ಲವಾದರೂ ಪೂರ್ಣ ಸತ್ಯವೂ ಅಲ್ಲ. ಒಂದೊಂದರ ಚರಿತ್ರೆಯನ್ನೂ ಬಿಡಿಸಿ ನೋಡಿದರೆ, ಬಹುತೇಕ ಸರಣಿಗಳ ಅಂತ್ಯ ಅಡುಗೆಮನೆಯಲ್ಲಿ ಆರಂಭವಾಗಲಿಲ್ಲ ಎಂಬುದು ತಿಳಿಯುತ್ತದೆ. ಮಾಲೀಕತ್ವ ಕೈ ಬದಲಾಯಿತು. ಹೋಟೆಲು ನಿಂತಿದ್ದ ನಿವೇಶನ ಅಲ್ಲಿ ಬೇಯುತ್ತಿದ್ದ ಊಟಕ್ಕಿಂತ ಬೆಲೆಯುಳ್ಳದ್ದಾಯಿತು. ಪರಿಣಾಮ ಉಂಡವರಿಗಿಂತ ಹೆಚ್ಚಾಗಿ ಬಡಿಸಿದವರ ಮೇಲಾಯಿತು.

ರೈಲು ನಿಲ್ದಾಣದ ಊಟ: ಹಾರ್ವೆ ಹೌಸ್

ಅಮೆರಿಕದ ಹೋಟೆಲು ಸರಣಿಗಳ ಮೂಲಪುರುಷನೆಂದು ಹೆಸರಾದವನು ಇಂಗ್ಲೆಂಡಿನಿಂದ ವಲಸೆ ಬಂದ ಫ್ರೆಡ್ ಹಾರ್ವೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಪಶ್ಚಿಮಕ್ಕೆ ಸಾಗುವ ರೈಲುಗಳು ಊಟಕ್ಕಾಗಿ ಅಲ್ಪಕಾಲ ನಿಲ್ಲುತ್ತಿದ್ದವು. ನಿಲ್ದಾಣಗಳಲ್ಲಿ ಸಿಗುತ್ತಿದ್ದ ಆಹಾರ ಹಳಸಿದ್ದು, ಬೆಲೆಯೂ ಹೆಚ್ಚು. ಈ ಕೊರತೆಯನ್ನು ಕಂಡ ಹಾರ್ವೆ, ಅಚಿಸನ್, ಟೊಪೀಕಾ ಮತ್ತು ಸಾಂಟಾ ಫೆ ರೈಲ್ವೆಯೊಂದಿಗೆ ಒಡಂಬಡಿಕೆ ಮಾಡಿಕೊಂಡು 1876ರಲ್ಲಿ ಕ್ಯಾನ್ಸಸ್ ರಾಜ್ಯದ ಟೊಪೀಕಾ ನಿಲ್ದಾಣದಲ್ಲಿ ಉಪಾಹಾರ ಗೃಹವನ್ನು ತೆರೆದನು.

ಮುಂದಿನ ನಿಲ್ದಾಣದಲ್ಲಿ ಎಷ್ಟು ಜನರಿಗೆ ಏನು ಬೇಕೆಂಬುದನ್ನು ರೈಲಿನ ಸಿಬ್ಬಂದಿ ಮೊದಲೇ ವಿಚಾರಿಸಿ ತಂತಿ ಮೂಲಕ ತಿಳಿಸುತ್ತಿದ್ದರು. ರೈಲು ನಿಲ್ಲುವ ವೇಳೆಗೆ ಮೇಜಿನ ಮೇಲೆ ಬಿಸಿ ಊಟ ಸಿದ್ಧವಾಗಿರುತ್ತಿತ್ತು. 1883ರಿಂದ ಬಡಿಸುವ ಕೆಲಸಕ್ಕೆ ಯುವತಿಯರನ್ನು ನೇಮಿಸಿಕೊಳ್ಳಲಾಯಿತು. ಕಪ್ಪು ಉಡುಪು, ಗಂಜಿ ಹಾಕಿದ ಬಿಳಿ ಮೇಲಂಗಿ ತೊಟ್ಟ ಇವರು ‘ಹಾರ್ವೆ ಗರ್ಲ್ಸ್’ ಎಂದೇ ಪ್ರಸಿದ್ಧರಾದರು. ಮನೆಯ ಹೊರಗೆ ದುಡಿಯಲು ಹೆಣ್ಣುಮಕ್ಕಳಿಗೆ ಅವಕಾಶಗಳು ತೀರ ಕಡಿಮೆಯಿದ್ದ ಆ ಕಾಲದಲ್ಲಿ ಸಂಬಳ, ಊಟ, ವಸತಿ ಮೂರೂ ದೊರೆಯುತ್ತಿದ್ದ ಈ ಉದ್ಯೋಗ ಸಾವಿರಾರು ಯುವತಿಯರಿಗೆ ಸ್ವಂತ ಬದುಕಿನ ಬಾಗಿಲಾಯಿತು. ಜೂಡಿ ಗಾರ್ಲಂಡ್ ಅಭಿನಯದ ‘ದಿ ಹಾರ್ವೆ ಗರ್ಲ್ಸ್’ ಚಲನಚಿತ್ರ 1946ರಲ್ಲಿ ತೆರೆಕಂಡಿತು.

ಚಿತ್ರ ಬರುವ ವೇಳೆಗೆ ಸರಣಿಯ ವೈಭವ ಇಳಿಮುಖವಾಗಿತ್ತು. ರೈಲಿನಲ್ಲಿಯೇ ಊಟದ ಬೋಗಿ ಬಂದಿತ್ತು. ಎರಡನೆಯ ಮಹಾಯುದ್ಧದ ನಂತರ ಪ್ರಯಾಣಿಕರು ಕಾರು ಮತ್ತು ವಿಮಾನಗಳತ್ತ ಹೊರಳಿದರು. 1968ರಲ್ಲಿ ಹಾರ್ವೆ ಸಂಸ್ಥೆಯನ್ನು ಆಮ್‌ಫ್ಯಾಕ್ ಎಂಬ ಕಂಪನಿ ಖರೀದಿಸಿತು. ವಾಸ್ತುಶಿಲ್ಪಿ ಮೇರಿ ಕೋಲ್ಟರ್ ವಿನ್ಯಾಸಗೊಳಿಸಿದ ಅರಿಜೋನಾದ ಲಾ ಪೊಸಾಡ ಕಟ್ಟಡ 1957ರಲ್ಲಿ ಮುಚ್ಚಿ, 1997ರಲ್ಲಿ ವಸತಿಗೃಹವಾಗಿ ಮರುಜನ್ಮ ಪಡೆಯಿತು.

ನಾಣ್ಯ ಹಾಕಿದರೆ ಊಟ: ಆಟೋಮ್ಯಾಟ್

ಜೋಸೆಫ್ ಹಾರ್ನ್ ಮತ್ತು ಫ್ರಾಂಕ್ ಹಾರ್ಡಾರ್ಟ್ ಎಂಬಿಬ್ಬರು 1888ರಲ್ಲಿ ಫಿಲಡೆಲ್ಫಿಯಾದಲ್ಲಿ ಚಿಕ್ಕ ಉಪಾಹಾರ ಗೃಹವೊಂದನ್ನು ತೆರೆದರು. 1902ರಲ್ಲಿ ಇವರೇ ಅದೇ ನಗರದಲ್ಲಿ ಅಮೆರಿಕದ ಮೊದಲ ಆಟೋಮ್ಯಾಟನ್ನು ಆರಂಭಿಸಿದರು. ಅದರ ಯಂತ್ರೋಪಕರಣಗಳು ಬರ್ಲಿನ್ ನಗರದಿಂದ ಬಂದಿದ್ದವು. 1912ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಶಾಖೆ ತೆರೆಯಿತು.

ಆಟೋಮ್ಯಾಟಿನ ಗೋಡೆಯುದ್ದಕ್ಕೂ ಗಾಜಿನ ಪುಟ್ಟ ಬಾಗಿಲುಗಳು. ಒಂದೊಂದರ ಹಿಂದೆಯೂ ಒಂದೊಂದು ತಟ್ಟೆ. ‘ನಿಕಲ್’ ಎಂದು ಕರೆಯಲಾಗುವ ಐದು ಸೆಂಟಿನ ನಾಣ್ಯವನ್ನು ತೂರಿಸಿ ಗುಂಡಿ ತಿರುಗಿಸಿದರೆ ಬಾಗಿಲು ತೆರೆಯುತ್ತಿತ್ತು. ಡಾಲ್ಫಿನ್ ತಲೆಯಾಕಾರದ ನಳಿಕೆಯಿಂದ ಬಿಸಿ ಕಾಫಿ ಸುರಿಯುತ್ತಿತ್ತು. ಗೋಡೆಯ ಹಿಂದೆ ಸಿಬ್ಬಂದಿ ಖಾಲಿಯಾದ ಗೂಡುಗಳನ್ನು ತುಂಬುತ್ತಲೇ ಇರುತ್ತಿದ್ದರಾದರೂ ಗ್ರಾಹಕರ ಕಣ್ಣಿಗೆ ಬೀಳುತ್ತಿರಲಿಲ್ಲ.

ಈ ವ್ಯವಸ್ಥೆಯಲ್ಲಿ ಮಾಣಿಗಳಿರಲಿಲ್ಲ, ಭಕ್ಷೀಸು ಕೊಡಬೇಕಿರಲಿಲ್ಲ, ಭಾಷೆ ಬಾರದ ವಲಸಿಗರು ಬಾಯಿ ತೆರೆಯಬೇಕಿರಲಿಲ್ಲ. ಒಂಟಿ ಮಹಿಳೆಯರು ನಿರಾತಂಕವಾಗಿ ಕುಳಿತು ಉಣ್ಣಬಹುದಿತ್ತು. ಗುಮಾಸ್ತನೂ ಧನಿಕನೂ ಒಂದೇ ಮೇಜಿಗೆ ಕೂರುತ್ತಿದ್ದರು. 1930ರ ದಶಕದ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ನಿರುದ್ಯೋಗಿಗಳು ಬಿಸಿನೀರಿಗೆ ಮೇಜಿನ ಮೇಲಿದ್ದ ಟೊಮೆಟೊ ಕೆಚಪ್ ಬೆರೆಸಿ ಪುಕ್ಕಟೆ ಸಾರು ಮಾಡಿಕೊಳ್ಳುತ್ತಿದ್ದುದು ಆಟೋಮ್ಯಾಟುಗಳ ಬಗೆಗಿನ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಲಾವಿದ ಎಡ್ವರ್ಡ್ ಹಾಪರ್ 1927ರಲ್ಲಿ ರಚಿಸಿದ ‘ಆಟೋಮ್ಯಾಟ್’ ಚಿತ್ರದಲ್ಲಿ ಕಾಫಿ ಬಟ್ಟಲಿನೆದುರು ಒಬ್ಬಂಟಿಯಾಗಿ ಕುಳಿತ ಮಹಿಳೆಯಿದ್ದಾಳೆ.

ಈ ಸರಣಿಯ ಬಲವೇ ಅದರ ದೌರ್ಬಲ್ಯವೂ ಆಯಿತು. ದಶಕಗಳ ಕಾಲ ಐದು ಸೆಂಟಿಗೆ ಮಾರಿದ ಕಾಫಿಯ ಬೆಲೆಯನ್ನು 1950ರಲ್ಲಿ ಒಮ್ಮೆಲೇ ಹತ್ತು ಸೆಂಟಿಗೆ ಏರಿಸಲಾಯಿತು. ನಾಣ್ಯದ ಯಂತ್ರಗಳಲ್ಲಿ ಅಲ್ಪಸ್ವಲ್ಪ ಏರಿಕೆಗೆ ಅವಕಾಶವಿರಲಿಲ್ಲ. ಹಣದುಬ್ಬರ ಹೆಚ್ಚಿದಂತೆ ಹಿಡಿ ತುಂಬ ನಾಣ್ಯ ಹಿಡಿದು ಊಟಕ್ಕೆ ನಿಲ್ಲುವುದು ಹಾಸ್ಯಾಸ್ಪದವಾಯಿತು. ಮಧ್ಯಮ ವರ್ಗ ಉಪನಗರಗಳಿಗೆ ವಲಸೆ ಹೋದುದರಿಂದ ನಗರ ಕೇಂದ್ರದ ಸಂಜೆಯ ವ್ಯಾಪಾರವೂ ಕುಗ್ಗಿತು. 1970ರ ದಶಕದಿಂದ ಸಂಸ್ಥೆಯು ತನ್ನ ಉತ್ತಮ ನಿವೇಶನಗಳಲ್ಲಿದ್ದ ಹಲವು ಆಟೋಮ್ಯಾಟುಗಳನ್ನು ಬರ್ಗರ್ ಕಿಂಗ್ ಮಳಿಗೆಗಳನ್ನಾಗಿ ಪರಿವರ್ತಿಸಿತು. ಜಾಗ ಅದೇ, ಮಾಲೀಕರು ಅವರೇ. ಹೋದದ್ದು ಆಟೋಮ್ಯಾಟು ಮಾತ್ರ. ನ್ಯೂಯಾರ್ಕಿನ 42ನೆಯ ಬೀದಿಯಲ್ಲಿದ್ದ ಕೊನೆಯ ಶಾಖೆ 1991ರ ಏಪ್ರಿಲ್‌ನಲ್ಲಿ ಮುಚ್ಚಿತು. ಫಿಲಡೆಲ್ಫಿಯಾದ ಮೊದಲ ಆಟೋಮ್ಯಾಟಿನ ಒಂದು ಭಾಗ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ಸೇರಿತು.

ಕಿತ್ತಳೆ ಮಾಡಿನ ಸಾಮ್ರಾಜ್ಯ: ಹೋವರ್ಡ್ ಜಾನ್ಸನ್ಸ್

ನಗರದ ಊಟಕ್ಕೆ ಆಟೋಮ್ಯಾಟ್ ಹೇಗೋ ಹೆದ್ದಾರಿಯ ಊಟಕ್ಕೆ ಹೋವರ್ಡ್ ಜಾನ್ಸನ್ಸ್ ಹಾಗೆ. 1925ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿನ್ಸಿಯಲ್ಲಿ ಹೋವರ್ಡ್ ಡೀರಿಂಗ್ ಜಾನ್ಸನ್ ಸಾಲ ಮಾಡಿ ಔಷಧ ಅಂಗಡಿಯೊಂದನ್ನು ಕೊಂಡರು. ಅಲ್ಲಿ ಔಷಧಕ್ಕಿಂತ ಐಸ್‌ಕ್ರೀಮ್ ಹೆಚ್ಚು ಮಾರಾಟವಾಗುವುದನ್ನು ಗಮನಿಸಿ, ಬೆಣ್ಣೆಯಂಶ ಹೆಚ್ಚಿಸಿದ ಐಸ್‌ಕ್ರೀಮನ್ನು ಸ್ವತಃ ತಯಾರಿಸತೊಡಗಿದರು. ಮುಂದೆ ಅದರ 28 ಬಗೆಗಳು ಸರಣಿಯ ಗುರುತಾದವು.

ಅದೃಷ್ಟ ಅನಿರೀಕ್ಷಿತ ದಿಕ್ಕಿನಿಂದ ಬಂದಿತು. 1929ರಲ್ಲಿ ಬಾಸ್ಟನ್ ನಗರದ ಮೇಯರ್, ಯೂಜೀನ್ ಓನೀಲ್ ಅವರ ‘ಸ್ಟ್ರೇಂಜ್ ಇಂಟರ್‌ಲ್ಯೂಡ್’ ನಾಟಕವನ್ನು ನಿಷೇಧಿಸಿದರು. ನಾಟಕ ಪಕ್ಕದ ಕ್ವಿನ್ಸಿಗೆ ಸ್ಥಳಾಂತರಗೊಂಡಿತು. ತಾಸುಗಟ್ಟಲೆ ನಡೆಯುತ್ತಿದ್ದ ಆ ನಾಟಕದ ನಡುವೆ ಊಟದ ವಿರಾಮವಿತ್ತು. ರಂಗಮಂದಿರದ ಸಮೀಪದಲ್ಲಿದ್ದುದು ಜಾನ್ಸನ್ ಅವರ ಹೋಟೆಲು. ಬಾಸ್ಟನ್ನಿನ ಪ್ರತಿಷ್ಠಿತರೆಲ್ಲ ಅಲ್ಲಿ ಉಂಡರು, ಹೆಸರು ಹಬ್ಬಿತು.

1935ರಲ್ಲಿ ಜಾನ್ಸನ್ ಫ್ರಾಂಚೈಸಿ ಪದ್ಧತಿಯನ್ನು ಅಳವಡಿಸಿಕೊಂಡರು. 1940ರಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಹೆದ್ದಾರಿ ತೆರೆದಾಗ ಅಲ್ಲಿ ಊಟ ಒದಗಿಸುವ ಗುತ್ತಿಗೆಯೂ ಅವರಿಗೆ ದೊರೆಯಿತು. ಕಿತ್ತಳೆ ಬಣ್ಣದ ಮಾಡು ದೂರದಿಂದಲೇ ಕಾಣುತ್ತಿತ್ತು. ಕೇಂದ್ರ ಅಡುಗೆಮನೆಯಲ್ಲಿ ಆಹಾರ ಸಿದ್ಧಪಡಿಸಿ ಶಾಖೆಗಳಿಗೆ ಸಾಗಿಸುವ ಪದ್ಧತಿಯಿಂದ ಎಲ್ಲೆಡೆ ಒಂದೇ ರುಚಿ ಸಾಧ್ಯವಾಯಿತು. 1954ರಲ್ಲಿ ಜಾರ್ಜಿಯಾದ ಸವಾನಾದಲ್ಲಿ ಮೊದಲ ವಸತಿಗೃಹ ಸೇರ್ಪಡೆಯಾಯಿತು. ಫ್ರಾನ್ಸ್ ಮೂಲದ ಬಾಣಸಿಗ ಜಾಕ್ ಪೆಪಾನ್, ಕೆನಡಿ ಅಧ್ಯಕ್ಷತೆಯ ಶ್ವೇತಭವನದ ಅಡುಗೆಮನೆಯ ಆಹ್ವಾನವನ್ನು ಬಿಟ್ಟು ಈ ಸರಣಿಯನ್ನು ಸೇರಿದ್ದರು.

ಆದರೆ ಆ ಕಿತ್ತಳೆ ಮಾಡಿನ ಅಡಿಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. 1957ರ ಅಕ್ಟೋಬರ್‌ನಲ್ಲಿ, ಅದೇ ವರ್ಷ ಸ್ವತಂತ್ರವಾಗಿದ್ದ ಘಾನಾ ದೇಶದ ಹಣಕಾಸು ಸಚಿವ ಕೊಮ್ಲಾ ಗ್ಬೆಡೆಮಾ ಡೆಲವೇರ್ ರಾಜ್ಯದ ಡೋವರ್‌ನಲ್ಲಿದ್ದ ಶಾಖೆಯಲ್ಲಿ ಕಿತ್ತಳೆ ರಸ ಕೇಳಿದರು. ಕಪ್ಪುವರ್ಣೀಯರು ಒಳಗೆ ಕುಳಿತು ಕುಡಿಯುವಂತಿಲ್ಲ ಎಂಬ ಉತ್ತರ ಬಂದಿತು. ಸುದ್ದಿ ಜಗತ್ತಿನಾದ್ಯಂತ ಹಬ್ಬಿ ಅಮೆರಿಕಕ್ಕೆ ಮುಜುಗರವಾಯಿತು. ಅಧ್ಯಕ್ಷ ಐಸೆನ್‌ಹೋವರ್ ಸಚಿವರನ್ನು ಶ್ವೇತಭವನಕ್ಕೆ ಕರೆಸಿ ಬೆಳಗಿನ ಉಪಾಹಾರ ನೀಡಿದರು. ಸಚಿವರಿಗೆ ಶ್ವೇತಭವನದ ಬಾಗಿಲು ತೆರೆಯಿತು. ಸಾಮಾನ್ಯ ಕಪ್ಪು ಪ್ರಯಾಣಿಕರು ಮುಂದೆಯೂ ಹೋರಾಡಬೇಕಾಯಿತು. 1962ರಲ್ಲಿ ಜನಾಂಗೀಯ ಸಮಾನತೆಯ ಹೋರಾಟಗಾರರು ದಕ್ಷಿಣದ ಹಲವೆಡೆ ಈ ಸರಣಿಯ ಎದುರು ಧರಣಿ ನಡೆಸಿದರು. ಹೋಟೆಲುಗಳಲ್ಲಿ ಭೇದಭಾವವನ್ನು ಕಾನೂನುಬಾಹಿರಗೊಳಿಸಿದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆ.

1973ರ ತೈಲ ಬಿಕ್ಕಟ್ಟು ಹೆದ್ದಾರಿ ಪ್ರಯಾಣವನ್ನೇ ನಂಬಿದ್ದ ಸರಣಿಗೆ ಪೆಟ್ಟು ನೀಡಿತು. ಅತ್ತ ಮೆಕ್‌ಡೊನಾಲ್ಡ್ಸ್ ಮುಂತಾದವು ವೇಗವನ್ನೂ ಅಗ್ಗದ ಬೆಲೆಯನ್ನೂ ಒಡ್ಡಿದವು. 1980ರ ವೇಳೆಗೆ ಸಿಗರೇಟು ಉದ್ಯಮದ ಬ್ರಿಟಿಷ್ ಕಂಪನಿ ಇಂಪೀರಿಯಲ್ ಗ್ರೂಪ್ ಸುಮಾರು 63 ಕೋಟಿ ಡಾಲರಿಗೆ ಇಡೀ ಸಂಸ್ಥೆಯನ್ನು ಕೊಂಡಿತು. ಲಾಭ ಕಾಣದೆ 1985ರಲ್ಲಿ ಮ್ಯಾರಿಯಟ್ ಸಂಸ್ಥೆಗೆ ಮಾರಿತು. ಮ್ಯಾರಿಯಟ್ ವಸತಿಗೃಹಗಳನ್ನು ಬೇರೊಂದು ಕಂಪನಿಗೆ ದಾಟಿಸಿ, ಸಂಸ್ಥೆಯ ಒಡೆತನದ ಹೋಟೆಲುಗಳನ್ನು ಬೇರೆ ಹೆಸರುಗಳಿಗೆ ಪರಿವರ್ತಿಸತೊಡಗಿತು. ಮ್ಯಾರಿಯಟ್ ಕೂಡ ಹುಟ್ಟಿದ್ದು ಹೋಟೆಲಾಗಿಯೇ. 1927ರಲ್ಲಿ ವಾಷಿಂಗ್ಟನ್ನಿನ ಪುಟ್ಟ ಪಾನೀಯದಂಗಡಿಯಿಂದ ಬೆಳೆದ ಅದರ ‘ಹಾಟ್ ಶಾಪ್ಸ್’ ಸರಣಿಯ ಕೊನೆಯ ಶಾಖೆ 1999ರಲ್ಲಿ ಮುಚ್ಚಿತು.

ಫ್ರಾಂಚೈಸಿ ಪಡೆದಿದ್ದ ಕೆಲವರು ಸಂಘಟಿತರಾಗಿ ಹೋವರ್ಡ್ ಜಾನ್ಸನ್ಸ್ ಹೆಸರನ್ನು ಉಳಿಸಿಕೊಳ್ಳಲು ಯತ್ನಿಸಿದರು. ಟೈಮ್ಸ್ ಚೌಕದ ಶಾಖೆ 2005ರಲ್ಲಿ, ಮೇಯ್ನ್ ರಾಜ್ಯದ ಬ್ಯಾಂಗರ್ ಶಾಖೆ 2016ರಲ್ಲಿ, ಲೇಕ್ ಜಾರ್ಜ್ ಶಾಖೆ 2022ರಲ್ಲಿ ಮುಚ್ಚಿದವು. ಹೆಸರು ಈಗ ವಸತಿಗೃಹಗಳ ಮೇಲೆ ಮಾತ್ರ ಉಳಿದಿದೆ.

ಎರಡನೆಯ ಸ್ಥಾನದಿಂದ ಶೂನ್ಯಕ್ಕೆ: ಬರ್ಗರ್ ಷೆಫ್

ಇಂಡಿಯಾನಾಪೊಲಿಸ್ ನಗರದ ಫ್ರಾಂಕ್ ಮತ್ತು ಡೊನಾಲ್ಡ್ ಥಾಮಸ್ ಸೋದರರದು ಮೂಲತಃ ಅಡುಗೆ ಯಂತ್ರಗಳ ಉದ್ಯಮ. ತಮ್ಮ ಯಂತ್ರಗಳ ಸಾಮರ್ಥ್ಯ ತೋರಿಸಲು 1950ರ ದಶಕದ ಅಂತ್ಯದಲ್ಲಿ ಆರಂಭಿಸಿದ ಬರ್ಗರ್ ಷೆಫ್, ಯಂತ್ರಗಳಿಗಿಂತ ಹೆಚ್ಚು ಹೆಸರು ಮಾಡಿತು. ಹದಿನೈದು ಸೆಂಟಿಗೆ ಒಂದು ಹ್ಯಾಂಬರ್ಗರ್ ಎಂಬ ಸೂತ್ರದಿಂದ ಅದು ಶರವೇಗದಲ್ಲಿ ಬೆಳೆಯಿತು. 1970ರ ದಶಕದ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ಶಾಖೆಗಳೊಂದಿಗೆ ಮೆಕ್‌ಡೊನಾಲ್ಡ್ಸ್ ಬೆನ್ನಿಗೇ ನಿಂತಿತ್ತು.

1973ರಲ್ಲಿ ಮಕ್ಕಳಿಗಾಗಿ ಆಟಿಕೆ, ಒಗಟು, ಕಥೆಗಳಿದ್ದ ಪೆಟ್ಟಿಗೆಯಲ್ಲಿ ಊಟ ನೀಡುವ ‘ಫನ್ ಮೀಲ್’ ಯೋಜನೆಯನ್ನು ಜಾರಿಗೆ ತಂದದ್ದು ಬರ್ಗರ್ ಷೆಫ್. ಮೆಕ್‌ಡೊನಾಲ್ಡ್ಸ್ ಸಂಸ್ಥೆಯ ‘ಹ್ಯಾಪಿ ಮೀಲ್’ ದೇಶದಾದ್ಯಂತ ಬಂದದ್ದು 1979ರಲ್ಲಿ. ಬರ್ಗರ್ ಷೆಫ್ ನ್ಯಾಯಾಲಯದ ಮೆಟ್ಟಿಲೇರಿತಾದರೂ ಫಲ ದೊರೆಯಲಿಲ್ಲ.

ಅಷ್ಟರಲ್ಲಿ ಸಂಸ್ಥೆ ಕೈ ಬದಲಾಗಿ ಹಲವು ವರ್ಷಗಳಾಗಿದ್ದವು. ಕಾಫಿಪುಡಿ, ಸಿದ್ಧ ಆಹಾರ ಮಾರುತ್ತಿದ್ದ ಜನರಲ್ ಫುಡ್ಸ್ 1968ರಲ್ಲಿಯೇ ಇದನ್ನು ಕೊಂಡಿತ್ತು. ಪೊಟ್ಟಣದ ಸರಕು ಮಾರುವ ವಿದ್ಯೆಯೇ ಬೇರೆ, ದಿನದಿನವೂ ಒಲೆ ಹೊತ್ತಿಸುವ ವಿದ್ಯೆಯೇ ಬೇರೆ. ಅತಿವೇಗದ ವಿಸ್ತರಣೆಯಿಂದ ನಷ್ಟ ಬೆಳೆಯಿತು, ಶಾಖೆಗಳು ಮುಚ್ಚಿದವು. 1982ರಲ್ಲಿ ಹಾರ್ಡೀಸ್ ಸರಣಿಯ ಒಡೆಯ, ಕೆನಡಾದ ಇಮಾಸ್ಕೊ ಕಂಪನಿ ಇದನ್ನು ಖರೀದಿಸಿತು. ಇದು ಕೂಡ ಸಿಗರೇಟು ಉದ್ಯಮದಿಂದ ಬೆಳೆದ ಕಂಪನಿಯೇ ಎಂಬುದು ಗಮನಾರ್ಹ. ಅದಕ್ಕೆ ಬೇಕಿದ್ದುದು ಬರ್ಗರ್ ಷೆಫ್ ಹೆಸರಲ್ಲ, ಆ ಹೋಟೆಲುಗಳಿದ್ದ ಜಾಗ. ಹೆಚ್ಚಿನವು ಹಾರ್ಡೀಸ್ ಆದವು. ಟೆನೆಸಿಯ ಕುಕ್‌ವಿಲ್‌ನಲ್ಲಿದ್ದ ಕೊನೆಯ ಶಾಖೆ 1996ರಲ್ಲಿ ಮುಚ್ಚಿತು.

ಹೆಸರೇ ಮುಳುವಾದ ಸ್ಯಾಂಬೋಸ್

1957ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಸ್ಯಾಮ್ ಬ್ಯಾಟಿಸ್ಟೋನ್ ಮತ್ತು ನ್ಯೂವೆಲ್ ಬೋನೆಟ್ ತಮ್ಮ ಹೆಸರುಗಳ ತುಣುಕುಗಳನ್ನು ಜೋಡಿಸಿ ‘ಸ್ಯಾಂಬೋಸ್’ ಎಂಬ ದೋಸೆಯಂಥ ಪ್ಯಾನ್‌ಕೇಕ್ ಹೋಟೆಲನ್ನು ತೆರೆದರು. ಅದೇ ಹೆಸರಿನ ಮಕ್ಕಳ ಕಥೆಯೊಂದು ಆಗಲೇ ಜನಪ್ರಿಯವಾಗಿದ್ದುದರಿಂದ ಅದರ ಚಿತ್ರಗಳನ್ನೇ ಗೋಡೆಗಳ ಅಲಂಕಾರಕ್ಕೆ ಬಳಸಲಾಯಿತು.

ಆ ಕಥೆಗೆ ದಕ್ಷಿಣ ಭಾರತದ ನಂಟಿದೆ. ಅದನ್ನು ಬರೆದ ಹೆಲೆನ್ ಬ್ಯಾನರ್ಮನ್ ಎಂಬ ಸ್ಕಾಟಿಷ್ ಮಹಿಳೆ, ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ಪತಿಯೊಂದಿಗೆ ದಶಕಗಳ ಕಾಲ ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ ವಾಸಿಸಿದ್ದವರು. 1899ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಥೆಯಲ್ಲಿ ಹುಲಿಗಳು ಮರದ ಸುತ್ತ ಓಡಿ ಓಡಿ ಕರಗಿ ತುಪ್ಪವಾಗುತ್ತವೆ. ತಾಯಿ ಆ ತುಪ್ಪದಿಂದ ಪ್ಯಾನ್‌ಕೇಕ್ ಮಾಡುತ್ತಾಳೆ. ಆದರೆ ‘ಸ್ಯಾಂಬೊ’ ಎಂಬುದು ಅಮೆರಿಕದಲ್ಲಿ ಕಪ್ಪುವರ್ಣೀಯರನ್ನು ಹೀಗಳೆಯುವ ಪದವಾಗಿತ್ತು. ಗೋಡೆಯ ಮೇಲಿನ ಹುಡುಗನಿಗೆ ಮುಂಡಾಸು ತೊಡಿಸಿ ಭಾರತೀಯನೆಂದರೂ ಆ ಪದದ ಗಾಯ ಮಾಯಲಿಲ್ಲ.

1970ರ ದಶಕದ ಅಂತ್ಯದಲ್ಲಿ ಸರಣಿ 47 ರಾಜ್ಯಗಳಲ್ಲಿ ಸುಮಾರು 1,100 ಶಾಖೆಗಳಿಗೆ ಬೆಳೆದಿತ್ತು. ಈಶಾನ್ಯ ರಾಜ್ಯಗಳಿಗೆ ಕಾಲಿಟ್ಟೊಡನೆ ಹೆಸರಿನ ವಿರುದ್ಧ ಪ್ರತಿಭಟನೆಗಳು ನಡೆದವು. ಕೆಲವೆಡೆ ‘ಜಾಲಿ ಟೈಗರ್’ ಎಂದು ಹೆಸರು ಬದಲಿಸಲಾಯಿತು.

ಹೆಸರಿನ ವಿವಾದವಷ್ಟೇ ಸರಣಿಯನ್ನು ಉರುಳಿಸಲಿಲ್ಲ. ಶಾಖಾ ವ್ಯವಸ್ಥಾಪಕರು ಹಣ ಹೂಡಿ ತಮ್ಮ ಶಾಖೆಯ ಲಾಭದಲ್ಲಿ ಶೇ 20ರಷ್ಟು ಪಾಲು ಪಡೆಯುವ ಯೋಜನೆ ಸ್ಯಾಂಬೋಸ್ ಬೆಳವಣಿಗೆಯ ಗುಟ್ಟಾಗಿತ್ತು. ಲೆಕ್ಕಪತ್ರ ನಿಯಮಗಳ ಒತ್ತಡದಿಂದ 1970ರ ದಶಕದ ಕೊನೆಯಲ್ಲಿ ಆಡಳಿತ ಮಂಡಳಿ ಆ ಯೋಜನೆಯನ್ನು ಬದಲಿಸಿತು. ತಮ್ಮದೇ ಹೋಟೆಲೆಂಬ ಅಭಿಮಾನದಿಂದ ಹಗಲಿರುಳು ದುಡಿಯುತ್ತಿದ್ದ ಅನೇಕರು ಹೊರನಡೆದರು. 1981ರಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಸಾಂಟಾ ಬಾರ್ಬರಾದ ಮೊದಲ ಹೋಟೆಲು ಮಾತ್ರ ಹಳೆಯ ಹೆಸರಿನಲ್ಲಿ ಮುಂದುವರಿದು, 2020ರ ಜನಾಂಗೀಯ ನ್ಯಾಯದ ಚಳವಳಿಯ ಸಂದರ್ಭದಲ್ಲಿ ಆ ಹೆಸರನ್ನು ಕಳಚಿಕೊಂಡಿತು.

ಈರುಳ್ಳಿ ಸೊಪ್ಪು ತಂದ ಸಾವು: ಚಿ-ಚೀಸ್

ಅಡುಗೆಮನೆಯಿಂದಲೇ ಆಪತ್ತು ಬಂದ ಉದಾಹರಣೆಯೂ ಇದೆ. 1975ರಲ್ಲಿ ಮಿನೆಸೋಟಾದ ರಿಚ್‌ಫೀಲ್ಡ್‌ನಲ್ಲಿ ಮಾರ್ನೊ ಮೆಕ್‌ಡರ್ಮಟ್ ಮತ್ತು ಅಮೆರಿಕನ್ ಫುಟ್‌ಬಾಲ್ ಆಟಗಾರ ಮ್ಯಾಕ್ಸ್ ಮೆಗೀ ಆರಂಭಿಸಿದ ಮೆಕ್ಸಿಕನ್ ಶೈಲಿಯ ಸರಣಿ ಚಿ-ಚೀಸ್. ಉತ್ತುಂಗದಲ್ಲಿ 200ಕ್ಕೂ ಹೆಚ್ಚು ಶಾಖೆಗಳಿದ್ದವು.

2003ರ ಅಕ್ಟೋಬರ್‌ನಲ್ಲಿ ಸಾಲದ ಹೊರೆಯಿಂದ ಸರಣಿ ದಿವಾಳಿ ರಕ್ಷಣೆ ಕೋರಿತು. ಅದರ ಬೆನ್ನಿಗೇ ಪೆನ್ಸಿಲ್ವೇನಿಯಾದ ಮೊನಾಕಾ ಪಟ್ಟಣದ ಶಾಖೆಯಲ್ಲಿ ಉಂಡವರಲ್ಲಿ ಹೆಪಟೈಟಿಸ್-ಎ ಕಾಮಾಲೆ ಕಾಣಿಸಿಕೊಂಡಿತು. ಸುಮಾರು 600 ಜನ ಅಸ್ವಸ್ಥರಾದರು, ಕನಿಷ್ಠ ಮೂವರು ಮೃತಪಟ್ಟರು. ಮೆಕ್ಸಿಕೊದಿಂದ ಆಮದಾದ ಈರುಳ್ಳಿ ಸೊಪ್ಪನ್ನು ಹಸಿಯಾಗಿಯೇ ಚಟ್ನಿಯಂಥ ‘ಸಾಲ್ಸಾ’ದಲ್ಲಿ ಬೆರೆಸಿದ್ದು ಕಾರಣವೆಂದು ಆರೋಗ್ಯ ಇಲಾಖೆಯ ತನಿಖೆ ಪತ್ತೆ ಹಚ್ಚಿತು. ಅದು ಮೇಜಿಗೆ ಉಚಿತವಾಗಿ ಬರುತ್ತಿದ್ದ ತಿನಿಸು. ಸೊಪ್ಪು ಕಲುಷಿತಗೊಂಡದ್ದು ಹೋಟೆಲಿಗೆ ಬರುವ ಮೊದಲೇ ಎಂಬುದು ತನಿಖೆಯ ಅಭಿಪ್ರಾಯವಾಗಿತ್ತು.

ಆದರೂ ಸೋಂಕು ಬಂದದ್ದು ಆಗಲೇ ಆರ್ಥಿಕವಾಗಿ ಕುಸಿದಿದ್ದ ಸಂಸ್ಥೆಗೆ ಎಂಬುದನ್ನು ಮರೆಯುವಂತಿಲ್ಲ. 2004ರಲ್ಲಿ ಔಟ್‌ಬ್ಯಾಕ್ ಸ್ಟೇಕ್‌ಹೌಸ್ ಸಂಸ್ಥೆ 70ಕ್ಕೂ ಹೆಚ್ಚು ನಿವೇಶನಗಳ ಹಕ್ಕನ್ನು ಹರಾಜಿನಲ್ಲಿ ಪಡೆಯಿತು. ಹೆಸರನ್ನಾಗಲಿ ಅಡುಗೆಯನ್ನಾಗಲಿ ಮುಂದುವರಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಉಳಿದಿದ್ದ ಎಲ್ಲ ಶಾಖೆಗಳೂ ಮುಚ್ಚಿದವು. ಹಾರ್ಮೆಲ್ ಕಂಪನಿ ಮಾರುವ ಸಾಲ್ಸಾ ಸೀಸೆಗಳ ಮೇಲೆ ಹೆಸರು ಉಳಿಯಿತು. ಸಂಸ್ಥಾಪಕರ ಪುತ್ರ ಹೋಟೆಲನ್ನು ಮತ್ತೆ ತೆರೆಯುವುದಾಗಿ 2024ರಲ್ಲಿ ಪ್ರಕಟಿಸಿದರು.

ಒಂದೇ ದಿನದಲ್ಲಿ ಬೀಗ: ಸ್ಟೇಕ್ ಅಂಡ್ ಏಲ್

1966ರಲ್ಲಿ ಡಲ್ಲಾಸ್‌ನಲ್ಲಿ ನಾರ್ಮನ್ ಬ್ರಿಂಕರ್ ಆರಂಭಿಸಿದ ಸ್ಟೇಕ್ ಅಂಡ್ ಏಲ್, ಹಳೆಯ ಇಂಗ್ಲಿಷ್ ಛತ್ರದ ಮಾದರಿಯ ಮಂದ ಬೆಳಕಿನ ಹೋಟೆಲು. ಶ್ರೀಮಂತರ ಊಟವೆನಿಸಿದ್ದ ಸ್ಟೇಕನ್ನು ಮಧ್ಯಮ ವರ್ಗದ ಕೈಗೆಟುಕುವಂತೆ ಮಾಡಿದ್ದು, ಗ್ರಾಹಕರೇ ಬಡಿಸಿಕೊಳ್ಳುವ ಸಲಾಡ್ ಕಟ್ಟೆಯನ್ನು ಜನಪ್ರಿಯಗೊಳಿಸಿದ್ದು ಇದರ ಹೆಗ್ಗಳಿಕೆ. ನಮ್ಮಲ್ಲಿ ಹಿಟ್ಟಿನ ಪೊಟ್ಟಣಗಳಿಂದ ಪರಿಚಿತವಾದ ಪಿಲ್ಸ್‌ಬರಿ ಹೆಸರಿನ ಕಂಪನಿ 1976ರಲ್ಲಿ ಇದನ್ನು ಕೊಂಡಿತು. ಅದೇ ವರ್ಷ ಬೆನ್ನಿಗನ್ಸ್ ಎಂಬ ಸೋದರ ಸರಣಿ ಆರಂಭವಾಯಿತು. ಮುಂದೆ ಎರಡೂ ಮೆಟ್ರೊಮೀಡಿಯಾ ಸಂಸ್ಥೆಯ ಪಾಲಾದವು.

ಅಮೆರಿಕದ ದಿವಾಳಿ ಕಾನೂನಿನಲ್ಲಿ 11ನೆಯ ಅಧ್ಯಾಯದಡಿ ಅರ್ಜಿ ಸಲ್ಲಿಸಿದ ಕಂಪನಿ ಸಾಲಗಾರರಿಂದ ರಕ್ಷಣೆ ಪಡೆದು ವ್ಯಾಪಾರ ಮುಂದುವರಿಸಬಹುದು. 7ನೆಯ ಅಧ್ಯಾಯವೆಂದರೆ ಆಸ್ತಿಯನ್ನು ಮಾರಿ ಹಂಚಿ ಮುಗಿಸುವುದು. 2008ರ ಜುಲೈ 29ರಂದು ಈ ಎರಡು ಸರಣಿಗಳಿಗೆ ಸಂಬಂಧಿಸಿದ ಕಂಪನಿಗಳು ನೇರವಾಗಿ 7ನೆಯ ಅಧ್ಯಾಯವನ್ನೇ ಆಯ್ದುಕೊಂಡವು. ಸಂಸ್ಥೆಯ ಒಡೆತನದಲ್ಲಿದ್ದ ಸ್ಟೇಕ್ ಅಂಡ್ ಏಲ್ ಶಾಖೆಗಳೆಲ್ಲವೂ, 150ರಷ್ಟು ಬೆನ್ನಿಗನ್ಸ್ ಶಾಖೆಗಳೂ ಏಕಾಏಕಿ ಮುಚ್ಚಿದವು. ಸಾವಿರಾರು ನೌಕರರು ಮುನ್ಸೂಚನೆಯಿಲ್ಲದೆ ಕೆಲಸ ಕಳೆದುಕೊಂಡರು. ಎಂದಿನಂತೆ ಕೆಲಸಕ್ಕೆ ಬಂದ ಅನೇಕರನ್ನು ಎದುರುಗೊಂಡದ್ದು ಬೀಗ ಹಾಕಿದ ಬಾಗಿಲು. ಫ್ರಾಂಚೈಸಿ ಮಾಲೀಕರ ಬೆನ್ನಿಗನ್ಸ್ ಶಾಖೆಗಳು ಉಳಿದುಕೊಂಡವು. ಹದಿನಾರು ವರ್ಷಗಳ ಬಳಿಕ, 2024ರಲ್ಲಿ ಮಿನೆಸೋಟಾದ ಬರ್ನ್ಸ್‌ವಿಲ್‌ನಲ್ಲಿ ಸ್ಟೇಕ್ ಅಂಡ್ ಏಲ್ ಹೆಸರಿನ ಹೋಟೆಲು ಮತ್ತೆ ತೆರೆಯಿತು.

ತವರಿನಲ್ಲಿ ಅಳಿದು ಪರದೇಶದಲ್ಲಿ ಉಳಿದವು

ಕೆಲವು ಸರಣಿಗಳು ಹುಟ್ಟಿದ ನೆಲದಲ್ಲಿ ಅಳಿದರೂ ಹೊರದೇಶಗಳಲ್ಲಿ ಬದುಕಿವೆ. ಪಾಪಾಯ್ ವ್ಯಂಗ್ಯಚಿತ್ರದ ಹ್ಯಾಂಬರ್ಗರ್ ಪ್ರಿಯ ಪಾತ್ರದ ಹೆಸರನ್ನಿಟ್ಟುಕೊಂಡ ವಿಂಪಿ, 1934ರಲ್ಲಿ ಇಂಡಿಯಾನಾದಲ್ಲಿ ಎಡ್ವರ್ಡ್ ಗೋಲ್ಡ್ ಆರಂಭಿಸಿದ ಸರಣಿ. 1954ರಲ್ಲಿ ಲಯನ್ಸ್ ಸಂಸ್ಥೆ ಇದನ್ನು ಬ್ರಿಟನ್ನಿಗೆ ತಂದಿತು. 1977ರಲ್ಲಿ ಗೋಲ್ಡ್ ತೀರಿಕೊಂಡ ಬಳಿಕ ಅಮೆರಿಕದ ಶಾಖೆಗಳು ಮುಚ್ಚಿದವು. ಆದರೆ ಬ್ರಿಟನ್ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಹೆಸರು ಉಳಿದಿದೆ. 1980ರ ದಶಕದಲ್ಲಿ ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ ಬರ್ಗರ್ ತಿನ್ನಲು ಯುವಕರು ಹೋಗುತ್ತಿದ್ದುದು ವಿಂಪಿಗೇ.

ಗಾಯಕ ಕೆನ್ನಿ ರೋಜರ್ಸ್ ಮತ್ತು ಕೆಂಟಕಿಯ ಮಾಜಿ ರಾಜ್ಯಪಾಲ ಜಾನ್ ವೈ. ಬ್ರೌನ್ 1991ರಲ್ಲಿ ಸ್ಥಾಪಿಸಿದ ಕೆನ್ನಿ ರೋಜರ್ಸ್ ರೋಸ್ಟರ್ಸ್ ಎರಡನೆಯ ಉದಾಹರಣೆ. ಬ್ರೌನ್ ಈ ಮೊದಲು, 1964ರಲ್ಲಿ, ಕೆಂಟಕಿ ಫ್ರೈಡ್ ಚಿಕನ್ ಸಂಸ್ಥೆಯನ್ನು ಖರೀದಿಸಿ ಬೆಳೆಸಿದವರು. ಭಾರತದಲ್ಲಿ ಆ ಸಂಸ್ಥೆಯ ಮೊದಲ ಮಳಿಗೆ 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದಾಗ ನಡೆದ ವಾಗ್ವಾದಗಳು ಕನ್ನಡಿಗರಿಗೆ ನೆನಪಿರಬಹುದು. ರೋಸ್ಟರ್ಸ್ 1998ರಲ್ಲಿ ದಿವಾಳಿಯಾಯಿತು. 2008ರಲ್ಲಿ ಮಲೇಷ್ಯಾದ ಬರ್ಜಯಾ ಸಮೂಹ ಹೆಸರನ್ನು ಕೊಂಡಿತು. ಅಮೆರಿಕದ ಕೊನೆಯ ಶಾಖೆ 2011ರ ಅಂತ್ಯಕ್ಕೆ ಮುಚ್ಚಿದರೂ ಮಲೇಷ್ಯಾ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಸರಣಿ ಮುಂದುವರಿದಿದೆ.

ನೆಲ ಯಾರದು?

ಈ ಕಥೆಗಳು ಹಳೆಯವಾದರೂ ಅವುಗಳ ಪಾಠ ಹಳತಾಗಿಲ್ಲ. 1968ರಲ್ಲಿ ಫ್ಲಾರಿಡಾದಲ್ಲಿ ಆರಂಭವಾದ ರೆಡ್ ಲಾಬ್‌ಸ್ಟರ್ ಎಂಬ ಸಮುದ್ರಾಹಾರದ ಸರಣಿ 2024ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆ ಕೋರಿದಾಗ, 20 ಡಾಲರಿಗೆ ಬೇಕಾದಷ್ಟು ಸಿಗಡಿ ನೀಡುವ ಯೋಜನೆಯೇ ಕಾರಣವೆಂಬ ಸುದ್ದಿ ಎಲ್ಲೆಡೆ ಹರಡಿತು. ಆ ಯೋಜನೆಯಿಂದ ನಷ್ಟವಾದದ್ದು ನಿಜ. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ, 2014ರಲ್ಲಿ, ಗೋಲ್ಡನ್ ಗೇಟ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಸುಮಾರು 210 ಕೋಟಿ ಡಾಲರಿಗೆ ಸರಣಿಯನ್ನು ಕೊಂಡು, ಹೋಟೆಲುಗಳು ನಿಂತಿದ್ದ ನಿವೇಶನಗಳನ್ನು ಸುಮಾರು 150 ಕೋಟಿ ಡಾಲರಿಗೆ ಮಾರಿತ್ತು. ಅಂದಿನಿಂದ ಸ್ವಂತ ಜಾಗದಲ್ಲಿದ್ದ ಹೋಟೆಲುಗಳು ಬಾಡಿಗೆದಾರರಾದವು. ವ್ಯಾಪಾರ ಇಳಿದರೂ ಬಾಡಿಗೆ ಇಳಿಯಲಿಲ್ಲ. ನೂರಕ್ಕೂ ಹೆಚ್ಚು ಶಾಖೆಗಳು ಮುಚ್ಚಿದ ಬಳಿಕ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸರಣಿ ಹೊಸ ಮಾಲೀಕರೊಂದಿಗೆ ದಿವಾಳಿ ಪ್ರಕ್ರಿಯೆಯಿಂದ ಹೊರಬಂದಿತು.

ಹೋಟೆಲು ಸರಣಿಯನ್ನು ಕೊಳ್ಳುವ ಕಂಪನಿಗೆ ಅದರಲ್ಲಿ ಕಾಣುವುದು ಮೂರು ಆಸ್ತಿಗಳು: ಹೆಸರು, ನೆಲ ಮತ್ತು ದುಡಿಯುವ ಜನ. ಹೆಸರನ್ನು ಸಾಲ್ಸಾ ಸೀಸೆಗೋ ವಸತಿಗೃಹದ ಫಲಕಕ್ಕೋ ಅಂಟಿಸಬಹುದು. ನೆಲವನ್ನು ಮಾರಬಹುದು. ಬಾಣಸಿಗನ ಕೈಗುಣವನ್ನೂ, ಬಂದವರ ಹೆಸರು ಹಿಡಿದು ಕರೆಯುವ ಪರಿಚಾರಿಕೆಯ ನೆನಪನ್ನೂ ಮಾತ್ರ ಪ್ರತ್ಯೇಕಿಸಿ ಮಾರಲಾಗದು. ಆದ್ದರಿಂದಲೇ ಲೆಕ್ಕಪತ್ರದಲ್ಲಿ ಅವುಗಳಿಗೆ ಬೆಲೆಯಿಲ್ಲ. ಅಳಿದ ಸರಣಿಗಳ ಕಲ್ಪನೆಗಳು, ಎಂದರೆ ಮಕ್ಕಳ ಊಟದ ಪೆಟ್ಟಿಗೆ, ಸಲಾಡ್ ಕಟ್ಟೆ, ಕೇಂದ್ರ ಅಡುಗೆಮನೆ, ಫ್ರಾಂಚೈಸಿ ಪದ್ಧತಿ ಇವೆಲ್ಲ ಇಂದಿಗೂ ಬೇರೆಯವರ ಹೆಸರಿನಲ್ಲಿ ಜೀವಂತವಾಗಿವೆ. ಅವುಗಳನ್ನು ನಡೆಸಿದವರು ಮಾತ್ರ ಬೇರೆ ಉದ್ಯೋಗ ಅರಸಬೇಕಾಯಿತು.

ಒಂದು ನೋಟದಲ್ಲಿ

* ಹಾರ್ವೆ ಹೌಸ್: ಆರಂಭ 1876, ಟೊಪೀಕಾ. 1968ರಲ್ಲಿ ಆಮ್‌ಫ್ಯಾಕ್ ವಶಕ್ಕೆ.
* ಆಟೋಮ್ಯಾಟ್: ಆರಂಭ 1902, ಫಿಲಡೆಲ್ಫಿಯಾ. ಕೊನೆಯ ಶಾಖೆ 1991, ನ್ಯೂಯಾರ್ಕ್.
* ಹೋವರ್ಡ್ ಜಾನ್ಸನ್ಸ್: ಆರಂಭ 1925, ಕ್ವಿನ್ಸಿ. ಕೊನೆಯ ಭೋಜನಶಾಲೆ 2022, ಲೇಕ್ ಜಾರ್ಜ್.
* ಬರ್ಗರ್ ಷೆಫ್: ಆರಂಭ 1950ರ ದಶಕ, ಇಂಡಿಯಾನಾಪೊಲಿಸ್. ಕೊನೆಯ ಶಾಖೆ 1996, ಕುಕ್‌ವಿಲ್.
* ಸ್ಯಾಂಬೋಸ್: ಆರಂಭ 1957, ಸಾಂಟಾ ಬಾರ್ಬರಾ. ದಿವಾಳಿ 1981, ಹೆಸರಿನ ಅಂತ್ಯ 2020.
* ಚಿ-ಚೀಸ್: ಆರಂಭ 1975, ರಿಚ್‌ಫೀಲ್ಡ್. ಅಮೆರಿಕದ ಶಾಖೆಗಳ ಅಂತ್ಯ 2004. ಮರು ಆರಂಭದ ಪ್ರಕಟಣೆ 2024.
* ಸ್ಟೇಕ್ ಅಂಡ್ ಏಲ್: ಆರಂಭ 1966, ಡಲ್ಲಾಸ್. ಅಂತ್ಯ 2008, ಒಂದು ಶಾಖೆಯ ಮರು ಆರಂಭ 2024.
* ವಿಂಪಿ: ಆರಂಭ 1934, ಇಂಡಿಯಾನಾ. ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಅಂತ್ಯ.
* ಕೆನ್ನಿ ರೋಜರ್ಸ್ ರೋಸ್ಟರ್ಸ್: ಆರಂಭ 1991. ಅಮೆರಿಕದ ಕೊನೆಯ ಶಾಖೆ 2011.